ನೆಲವೇ ಡೊಂಕಾಗಿದ್ದರೆ?

"ಕುಣಿಯಲಾರದವಳು ನೆಲ ಡೊಂಕೆಂದಳು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತಮ್ಮ ಕೊರತೆಯನ್ನು ಉಪಕರಣದ ಮೇಲೆ ಹೊರಿಸಿ ಪಾರಾಗುವವರನ್ನು ಹಂಗಿಸಲು ಹಿರಿಯರು ಕಟ್ಟಿದ ಮಾತು ಅದು. ಬಹುಮಟ್ಟಿಗೆ ನಿಜವಾದ ಮಾತೂ ಹೌದು. ಆದರೆ ನೆಲವೇ ಡೊಂಕಾಗಿರುವ ಸಂದರ್ಭಗಳು ಲೋಕದಲ್ಲಿ ಇಲ್ಲದಿಲ್ಲ. ಅಂಥಲ್ಲಿ ಗಾದೆಯನ್ನೇ ನಂಬಿ ಕುಣಿಯುವವಳನ್ನು ಹಳಿದರೆ ಆಗುವ ಅನ್ಯಾಯ ಸಣ್ಣದಲ್ಲ. ಹಳಿಯಿಸಿಕೊಳ್ಳುವುದು ಒಂಬತ್ತು ವರ್ಷದ ಮಗುವಾದರೆ, ಆ ಮಾತು ಅದರ ಮನಸ್ಸಿನಲ್ಲಿ ಎಷ್ಟು ಕಾಲ ಉಳಿದೀತೆಂದು ಹೇಳುವಂತಿಲ್ಲ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿದ್ಧಕಟ್ಟೆ ಎಂಬ ಊರಿದೆ. ಅಲ್ಲಿ ಇಂಥದೊಂದು ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಯಜಮಾನರು ಕೊಲ್ಲಿಯ ದೇಶವೊಂದರಲ್ಲಿ ಉದ್ಯೋಗಿಗಳು. ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಗೆ ಬರುವವರು. ಮನೆಯಲ್ಲಿ ಅವರ ಹೆಂಡತಿ, ವೃದ್ಧ ತಾಯಿ, ಒಂಬತ್ತು ವರ್ಷದ ಮಗಳು. ಎರಡು ವರ್ಷಗಳ ಹಿಂದೆ ರಜೆಗೆ ಬಂದಾಗ ತಂದೆ ಮಗಳಿಗೆಂದು 61 ಕೀಗಳ ಎಲೆಕ್ಟ್ರಾನಿಕ್ ಕೀಬೋರ್ಡ್ ಒಂದನ್ನು ತಂದಿದ್ದರು. ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಪಿಟೀಲು, ಮತ್ತೊಂದು ಒತ್ತಿದರೆ ತಾನಾಗಿ ಬಾರಿಸುವ ತಾಳ. ಮಗು ಕೇಳಿದ ಹಾಡುಗಳನ್ನು ತಾನೇ ಹುಡುಕಿ ನುಡಿಸತೊಡಗಿತು. ಇವಳಿಗೆ ಕ್ರಮವಾಗಿ ಕಲಿಸಬೇಕೆಂದು ತಾಯಿ ಪ್ರತಿ ಶನಿವಾರ ಬಸ್ಸು ಬದಲಿಸಿಕೊಂಡು, ಸುಮಾರು 40 ಕಿಲೋಮೀಟರ್ ದೂರದ ಮಂಗಳೂರಿಗೆ ಪಿಯಾನೋ ಪಾಠಕ್ಕೆ ಕರೆದೊಯ್ಯತೊಡಗಿದರು.

ತೊಡಕು ಅಲ್ಲಿಂದ ಮೊದಲಾಯಿತು. ಮನೆಯಲ್ಲಿ ತಪ್ಪಿಲ್ಲದೆ ಬರುತ್ತಿದ್ದ ಪಾಠ ಶಿಕ್ಷಕಿಯ ಮನೆಯ ಪಿಯಾನೋದಲ್ಲಿ ಬಾರದು. ಮೆಲ್ಲಗೆ ನುಡಿಸಬೇಕಾದ ಕಡೆ ಸ್ವರವೇ ಹೊರಡದು. ಒತ್ತಿ ನುಡಿಸಿದರೆ ಕಿವಿ ಗಡಚಿಕ್ಕುವ ಸದ್ದು. ಕಿರುಬೆರಳು ಬಿದ್ದ ಕಡೆಯೆಲ್ಲ ಮೌನ. "ಮನೆಯಲ್ಲಿ ಅಭ್ಯಾಸ ಮಾಡಿದ್ದೀಯಾ?" ಎಂದು ಶಿಕ್ಷಕಿ ಕೇಳಿದಾಗ ಮಗು ತಲೆ ತಗ್ಗಿಸಿತು. ಬಸ್ಸಿನಲ್ಲಿ ಮರಳುವಾಗ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಿತು.

ಆ ರಾತ್ರಿ ತಾಯಿ ಅತ್ತೆಯೊಡನೆ, "ಇವಳಿಗೆ ಇದು ಒಗ್ಗುವುದಿಲ್ಲ ಅಂತ ಕಾಣುತ್ತದೆ ಅತ್ತೆ. ಸುಮ್ಮನೆ ಬಸ್ಸಿನ ದುಡ್ಡು ದಂಡ" ಎಂದರು.

ಅಜ್ಜಿ ಪ್ರಾಯದಲ್ಲಿ ಬೀಡಿ ಕಟ್ಟಿ ಮನೆ ನಡೆಸಿದವರು. ಸಂಗೀತ ಅವರಿಗೆ ತಿಳಿಯದು, ಬೆರಳು ತಿಳಿಯುತ್ತದೆ. "ಎಲೆ ಬೇರೆ ಆದರೆ ಕೈ ತಪ್ಪುತ್ತದೆ ಮಗಾ. ನೆನೆದ ಎಲೆಯಲ್ಲಿ ಕಲಿತವಳಿಗೆ ಒಣ ಎಲೆ ಕೊಟ್ಟು ನೋಡು, ಒಂದೂ ಸರಿ ಬರುವುದಿಲ್ಲ. ಅದು ಕೈಯದ್ದು ತಪ್ಪಲ್ಲ" ಎಂದರು.

ಅಜ್ಜಿಯ ಮಾತಿನಲ್ಲಿ ಈ ವಿಷಯದ ಸಾರವೆಲ್ಲ ಅಡಗಿದೆ.

ಹಾರ್ಮೋನಿಯಮ್ಮಿನ ಕೀ, ಪಿಯಾನೋದ ಕೀ

ಹಾರ್ಮೋನಿಯಂ ನಮ್ಮ ಜನಕ್ಕೆ ಚಿರಪರಿಚಿತ. ಭಜನೆ, ನಾಟಕ, ಪಾಠಶಾಲೆ, ಎಲ್ಲೆಡೆಯೂ ಅದುಂಟು. ಹಾರ್ಮೋನಿಯಮ್ಮಿನ ಕೀ ಎಂಬುದು ಗಾಳಿಗೆ ಒಂದು ಬಾಗಿಲು. ಬೆರಳು ಬಾಗಿಲನ್ನು ತೆರೆಯುತ್ತದೆ, ತಿದಿಯ ಗಾಳಿ ನಾಲಿಗೆಯನ್ನು ಅದಿರಿಸಿ ಸ್ವರ ಹೊರಡಿಸುತ್ತದೆ. ಕೀಯನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಸ್ವರದ ಗಾತ್ರ ಒಂದೇ. ಅದನ್ನು ಹೆಚ್ಚು ಕಡಿಮೆ ಮಾಡುವುದು ತಿದಿಯ ಕೈ. ಅಗ್ಗದ ಎಲೆಕ್ಟ್ರಾನಿಕ್ ಕೀಬೋರ್ಡು ಈ ವಿಷಯದಲ್ಲಿ ಹಾರ್ಮೋನಿಯಮ್ಮಿನ ದಾಯಾದಿ. ಅದರ ಕೀ ಕೆಳಗೆ ಒಂದು ಸ್ಪ್ರಿಂಗ್ ಇಟ್ಟ ಹಗುರವಾದ ಪ್ಲಾಸ್ಟಿಕ್ ಪಟ್ಟಿ. ಬೆರಳಿನ ಭಾರವಷ್ಟೇ ಸಾಕು, ಸ್ವರ ಹೊರಡುತ್ತದೆ.

ಪಿಯಾನೋದ ಜಾತಿಯೇ ಬೇರೆ. ಅಲ್ಲಿ ಕೀ ಎಂಬುದು ಬಾಗಿಲಲ್ಲ, ಏತದಂಥ ಒಂದು ಸನ್ನೆ. ಬೆರಳು ಒಂದು ತುದಿಯನ್ನು ತಗ್ಗಿಸಿದರೆ ಇನ್ನೊಂದು ತುದಿ ಮೇಲೆದ್ದು, ಒತ್ತಾದ ಉಣ್ಣೆಯ ಫೆಲ್ಟು ಹೊದಿಸಿದ ಮರದ ಸುತ್ತಿಗೆಯೊಂದನ್ನು ತಂತಿಯ ಕಡೆಗೆ ಎಸೆಯುತ್ತದೆ. ಎಸೆಯುತ್ತದೆ ಎಂಬ ಮಾತು ಇಲ್ಲಿ ಮುಖ್ಯ. ತಂತಿಯನ್ನು ಮುಟ್ಟುವ ಕೊನೆಯ ಎರಡು ಮೂರು ಮಿಲಿಮೀಟರಿನಲ್ಲಿ ಸುತ್ತಿಗೆ ಕೀಯ ಹಿಡಿತದಿಂದ ಬಿಡಿಸಿಕೊಂಡು ಸ್ವತಂತ್ರವಾಗಿ ಹಾರಿ, ತಂತಿಗೆ ಬಡಿದು, ಹಿಂದಕ್ಕೆ ಬೀಳುತ್ತದೆ. ಹಾಗೆ ಬಿಡಿಸಿಕೊಳ್ಳದಿದ್ದರೆ ಸುತ್ತಿಗೆ ತಂತಿಗೇ ಅಂಟಿ ನಾದವನ್ನು ಕೊಂದುಬಿಡುತ್ತಿತ್ತು. ಕೀಯ ಹಿಂದೆ ಅಡಗಿರುವ ಈ ಇಡೀ ಯಂತ್ರರಚನೆಗೆ ಪಿಯಾನೋ ಬಲ್ಲವರು 'ಆಕ್ಷನ್' ಎನ್ನುತ್ತಾರೆ.

ಈ ಉಪಾಯವನ್ನು ಕಂಡುಹಿಡಿದವನು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮೆದಿಚಿ ಅರಸುಮನೆತನದ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ. ಕಾಲ 1700ರ ಸುಮಾರು. ಅವನು 1720ರಲ್ಲಿ ಮಾಡಿದ ಪಿಯಾನೋ ಒಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಉಂಟು. ಅಲ್ಲಿಯವರೆಗಿನ ಹಾರ್ಪ್ಸಿಕಾರ್ಡ್ ವಾದ್ಯದಲ್ಲಿ ತಂತಿಯನ್ನು ಮೀಟುವ ಏರ್ಪಾಡಿತ್ತು. ಬೆರಳು ಹೇಗೇ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ ಗಾತ್ರ. ಮೆಲುದನಿ, ಗಟ್ಟಿದನಿ ಎರಡನ್ನೂ ಬೆರಳಿನ ವಶಕ್ಕೆ ಕೊಟ್ಟದ್ದು ಕ್ರಿಸ್ತೊಫೊರಿಯ ಸುತ್ತಿಗೆ. ಪಿಯಾನೋ ಎಂಬ ಹೆಸರು ಬಂದದ್ದೂ ಅದರಿಂದಲೇ. ಇಟಾಲಿಯನ್ ಭಾಷೆಯಲ್ಲಿ 'ಪಿಯಾನೋ' ಎಂದರೆ ಮೆಲ್ಲಗೆ, 'ಫೋರ್ತೆ' ಎಂದರೆ ಗಟ್ಟಿಯಾಗಿ.

ಆದುದರಿಂದ ಪಿಯಾನೋ ಕಲಿಯುವುದೆಂದರೆ ಯಾವ ಕೀಯನ್ನು ಯಾವಾಗ ಒತ್ತಬೇಕೆಂದು ಕಲಿಯುವುದಷ್ಟೇ ಅಲ್ಲ. ಸುತ್ತಿಗೆಯನ್ನು ಎಷ್ಟು ವೇಗವಾಗಿ ಎಸೆಯಬೇಕೆಂದು ಹತ್ತೂ ಬೆರಳುಗಳಿಗೆ ಬೇರೆ ಬೇರೆಯಾಗಿ ಕಲಿಸುವುದು. ಸಾಮಾನ್ಯವಾಗಿ ಒಂದು ಕೀಯನ್ನು ತಗ್ಗಿಸಲು 50 ಗ್ರಾಮಿನಷ್ಟು ಭಾರ ಬೇಕು. ಅದು ತಗ್ಗುವ ಆಳ ಸುಮಾರು 10 ಮಿಲಿಮೀಟರ್. ಮಂದ್ರ ಸ್ವರಗಳ ಸುತ್ತಿಗೆ ದೊಡ್ಡದು, ತಾರ ಸ್ವರಗಳದು ಚಿಕ್ಕದು. ಅಂತೆಯೇ ಎಡಗಡೆಯ ಕೀಗಳು ತುಸು ಭಾರ, ಬಲಗಡೆಯವು ತುಸು ಹಗುರ. ಸಿದ್ಧಕಟ್ಟೆಯ ಮಗುವಿನ ಬೆರಳಿಗೆ ಮನೆಯಲ್ಲಿ ಯಾರೂ ಈ ಭಾರವನ್ನು ಪರಿಚಯ ಮಾಡಿಸಿರಲಿಲ್ಲ. ಬಾಗಿಲು ತೆರೆಯಲು ಕಲಿತವಳ ಕೈಗೆ ವಾರಕ್ಕೊಮ್ಮೆ ಸುತ್ತಿಗೆ ಕೊಟ್ಟು, ಏಕೆ ಬರಲಿಲ್ಲವೆಂದು ಕೇಳಿದ ಹಾಗಾಯಿತು.

ಕೀಬೋರ್ಡನ್ನು ಹಳಿಯುವುದಕ್ಕೆಂದು ಹೇಳಿದ ಮಾತಲ್ಲ ಇದು. ಅದೂ ಒಂದು ವಾದ್ಯವೇ. ಲಂಡನ್ನಿನ ಟ್ರಿನಿಟಿ ಕಾಲೇಜು ಪಿಯಾನೋಕ್ಕೆ ಒಂದು, ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಇನ್ನೊಂದು ಎಂದು ಬೇರೆ ಬೇರೆ ಪರೀಕ್ಷೆಗಳನ್ನೇ ನಡೆಸುತ್ತದೆ. ಒಂದನ್ನು ಮನೆಯಲ್ಲಿಟ್ಟುಕೊಂಡು ಇನ್ನೊಂದನ್ನು ಕಲಿಯುವುದರಲ್ಲಿ ತಪ್ಪಿರುವುದು.

ಅರಮನೆಯಿಂದ ಹಜಾರಕ್ಕೆ

ಕನ್ನಡನಾಡಿಗೆ ಪಿಯಾನೋ ಹೊಸ ಅತಿಥಿಯೇನಲ್ಲ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಪಿಯಾನೋ ಬಲ್ಲವರಾಗಿದ್ದರು. ಜಯಚಾಮರಾಜ ಒಡೆಯರಂತೂ ಅದನ್ನು ಕ್ರಮವಾಗಿ ವ್ಯಾಸಂಗ ಮಾಡಿ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನೂ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಪದವಿಯನ್ನೂ ಪಡೆದವರು. 1940ರಲ್ಲಿ ತಂದೆಯೂ ದೊಡ್ಡಪ್ಪನವರೂ ತೀರಿಕೊಂಡು ಸಿಂಹಾಸನದ ಹೊಣೆ ಹೆಗಲೇರದಿದ್ದರೆ ಸಭೆಯಲ್ಲಿ ನುಡಿಸುವ ಪಿಯಾನೋ ವಾದಕರೇ ಆಗಬೇಕೆಂಬುದು ಅವರ ಆಸೆಯಾಗಿತ್ತು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ಪಿಯಾನೋ ವಾದಕ, ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ನೆರವಾದವರೂ ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಂಚರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು.

ಆದರೆ ಅಂದು ಪಿಯಾನೋ ಇದ್ದದ್ದು ಅರಮನೆಗಳಲ್ಲಿ, ಕಾನ್ವೆಂಟುಗಳಲ್ಲಿ, ಕೆಲವೇ ಅನುಕೂಲಸ್ಥರ ಬಂಗಲೆಗಳಲ್ಲಿ. ಸಾಮಾನ್ಯರ ಮನೆಗೆ ಅದು ಬರುವಂತಿರಲಿಲ್ಲ. ಇಂದಿಗೂ ಹೊಸ ನಿಜ ಪಿಯಾನೋ ಒಂದಕ್ಕೆ ಲಕ್ಷಗಳ ಲೆಕ್ಕದಲ್ಲಿ ಹಣ ಬೇಕು. ಹಣವಿದ್ದರೂ ಕರಾವಳಿಯ ಹವೆ ಅದಕ್ಕೆ ಹಿತವಲ್ಲ. ಒಂದು ಪಿಯಾನೋದಲ್ಲಿ 200ಕ್ಕೂ ಮಿಕ್ಕಿ ಉಕ್ಕಿನ ತಂತಿಗಳು. ಅವೆಲ್ಲ ಸೇರಿ ಎಳೆಯುವ ಬಲ 15ರಿಂದ 20 ಟನ್ನಿನಷ್ಟು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ದಕ್ಷಿಣ ಕನ್ನಡದಲ್ಲಿ ತಂತಿಗೆ ತುಕ್ಕು, ಫೆಲ್ಟಿಗೆ ಬೂಷ್ಟು, ಮರಕ್ಕೆ ಉಬ್ಬರ. ಆಷಾಢದಲ್ಲಿ ಸಿಕ್ಕಿಕೊಂಡ ಕೀ ಮಾಗಿಯ ಹೊತ್ತಿಗೆ ಸಡಿಲವಾಗುತ್ತದೆ. ಶ್ರುತಿ ಕೂಡಿಸುವವರನ್ನು ದೂರದ ಪಟ್ಟಣದಿಂದ ಕರೆಸಬೇಕು.

ಈ ತೊಡಕುಗಳನ್ನು ತಪ್ಪಿಸಿಕೊಂಡು ಪಿಯಾನೋವನ್ನು ಮಧ್ಯಮ ವರ್ಗದ ಹಜಾರಕ್ಕೆ ತಂದದ್ದು ಡಿಜಿಟಲ್ ಪಿಯಾನೋ. ಸುಮಾರು 40ರಿಂದ 60 ಸಾವಿರ ರೂಪಾಯಿಗೆ ಪೂರ್ಣ 88 ಕೀಗಳ ವಾದ್ಯ ಈಗ ಸಿಗುತ್ತದೆ. ತೂಕ 11-12 ಕಿಲೋ. ಶ್ರುತಿ ಕೆಡುವ ಭಯವಿಲ್ಲ. ಸಿದ್ಧಕಟ್ಟೆಯ ತಂದೆ ಈ ಸಂಗತಿಯನ್ನು ತಿಳಿದು ಫೋನಿನಲ್ಲಿ ಕೇಳಿದ ಪ್ರಶ್ನೆ ಎಲ್ಲ ತಂದೆತಾಯಿಗಳದೂ ಹೌದು: "ಅಷ್ಟು ದುಡ್ಡು ಕೊಟ್ಟು ತಂದದ್ದು ಇನ್ನು ಎರಡು ವರ್ಷಕ್ಕೆ ಸಾಲುವುದಿಲ್ಲ ಅಂತಾದರೆ? ಒಂದು ಸಲ ಮೋಸ ಹೋದದ್ದು ಸಾಲದಾ?"

ಒಳಗೆ ಇರುವುದೇನು?

ಡಿಜಿಟಲ್ ಪಿಯಾನೋದಲ್ಲಿ ತಂತಿ ಇಲ್ಲ. ಆದರೂ ಪ್ರತಿಯೊಂದು ಕೀಗೂ ಜೋಡಿಸಿದ ಒಂದು ಭಾರದ ತುಂಡು ಇರುತ್ತದೆ. ಕೀ ತಗ್ಗಿದಾಗ ಅದು ಮೇಲೇಳುತ್ತದೆ, ಬಿಟ್ಟಾಗ ತನ್ನ ತೂಕದಿಂದಲೇ ಬಿದ್ದು ಕೀಯನ್ನು ಎತ್ತುತ್ತದೆ. ಬೆರಳಿಗೆ ದೊರೆಯುವ ಪ್ರತಿರೋಧ ಸ್ಪ್ರಿಂಗಿನದಲ್ಲ, ಭಾರದ್ದು. ಇದೇ 'ಹ್ಯಾಮರ್ ಆಕ್ಷನ್' ಎಂಬ ಮಾತಿನ ಅರ್ಥ. ಒಳ್ಳೆಯ ತಯಾರಕರ ಅಗ್ಗದ ಮಾದರಿಗಳಲ್ಲಿಯೂ ಎಡದಿಂದ ಬಲಕ್ಕೆ ಭಾರ ಇಳಿಯುತ್ತ ಬರುವಂತೆ ಮಾಡಿರುತ್ತಾರೆ. 2015ರಲ್ಲಿ ಬಂದ ಯಮಾಹ ಕಂಪನಿಯ ಪಿ-45 ಎಂಬ ಮಾದರಿ ಇದಕ್ಕೆ ಉದಾಹರಣೆ.

ಕೀಯ ಅಡಿಯಲ್ಲಿ ಸೆನ್ಸರುಗಳಿರುತ್ತವೆ. ಕೀ ಇಳಿಯುವಾಗ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಮುಟ್ಟುತ್ತದೆ. ಇವೆರಡರ ನಡುವಿನ ಕಾಲವನ್ನು ಯಂತ್ರ ಅಳೆದು ಬೆರಳಿನ ವೇಗವನ್ನು ಲೆಕ್ಕ ಹಾಕುತ್ತದೆ. ಆ ವೇಗಕ್ಕೆ ತಕ್ಕ ಗಾತ್ರದ, ಮೊದಲೇ ಮುದ್ರಿಸಿಟ್ಟ ನಿಜ ಪಿಯಾನೋದ ನಾದವನ್ನು ಹೊರಡಿಸುತ್ತದೆ. 1983ರಲ್ಲಿ ಜಾರಿಗೆ ಬಂದ ಮಿಡಿ ಎಂಬ ಒಪ್ಪಂದದ ಪ್ರಕಾರ ಈ ವೇಗವನ್ನು 1ರಿಂದ 127ರವರೆಗಿನ ಅಂಕಿಗಳಲ್ಲಿ ಗುರುತಿಸುತ್ತಾರೆ. ಒಂಬತ್ತು ವರ್ಷದ ಮಗುವಿಗೆ ಮೆಲುದನಿ ಗಟ್ಟಿದನಿಗಳ ಭೇದವನ್ನು ಕಲಿಸಲು ಇಷ್ಟು ಮೆಟ್ಟಿಲು ಧಾರಾಳವಾಗಿ ಸಾಕು.

ಹಾಗಾದರೆ ಅಗ್ಗದ ಮಾದರಿಯಲ್ಲಿ ಕೊರತೆ ಇಲ್ಲವೆ? ಇದೆ, ಮುಖ್ಯವಾಗಿ ಮೂರು.

ಮೊದಲನೆಯದು, ಕೀಯ ಉದ್ದ. ನಿಜ ಪಿಯಾನೋದ ಕೀ ಕಣ್ಣಿಗೆ ಕಾಣುವುದಕ್ಕಿಂತ ಬಹಳ ಉದ್ದ. ಅದರ ಆನಿಕೆ ಒಳಗೆ ದೂರದಲ್ಲಿರುತ್ತದೆ. ಅಗ್ಗದ ಡಿಜಿಟಲ್ ಪಿಯಾನೋದ ಪೆಟ್ಟಿಗೆ ಚಿಕ್ಕದಾದುದರಿಂದ ಆನಿಕೆ ಹತ್ತಿರವಿರುತ್ತದೆ. ಬಾಗಿಲನ್ನು ಹಿಡಿಯ ಕಡೆ ದೂಡಿದರೆ ಹಗುರ, ತಿರುಗಣಿಯ ಕಡೆ ದೂಡಿದರೆ ಭಾರ ಎಂಬುದು ಎಲ್ಲರಿಗೂ ತಿಳಿದದ್ದೇ. ಹಾಗೆಯೇ ಇಲ್ಲಿ ಬಿಳಿ ಕೀಯನ್ನು ಒಳಭಾಗದಲ್ಲಿ, ಕಪ್ಪು ಕೀಗಳ ನಡುವೆ ಬೆರಳಿಟ್ಟು ಒತ್ತಬೇಕಾದಾಗ ಅದು ಬಿಗಿಯಾಗುತ್ತದೆ. ಮೊದಲ ವರ್ಷಗಳ ಪಾಠಗಳಲ್ಲಿ ಬೆರಳು ಅಷ್ಟು ಒಳಗೆ ಹೋಗುವುದು ಅಪರೂಪ. ಕಪ್ಪು ಕೀಗಳು ಹೆಚ್ಚಿರುವ ಮುಂದಿನ ರಚನೆಗಳಲ್ಲಿ ಇದು ಬಾಧಿಸುತ್ತದೆ.

ಎರಡನೆಯದು, ಒಂದೇ ಸ್ವರವನ್ನು ಬೇಗ ಬೇಗ ಮರುನುಡಿಸುವ ಶಕ್ತಿ. 1821ರಲ್ಲಿ ಎರಾರ್ ಮನೆತನದವರು ಪೇಟೆಂಟ್ ಪಡೆದ ಒಂದು ರಚನೆಯಿಂದ ಗ್ರ್ಯಾಂಡ್ ಪಿಯಾನೋದಲ್ಲಿ ಕೀ ಪೂರ್ತಿ ಮೇಲೇಳುವ ಮೊದಲೇ ಸುತ್ತಿಗೆ ಮತ್ತೊಮ್ಮೆ ಬಡಿಯಬಲ್ಲದು. ಎರಡೇ ಸೆನ್ಸರುಗಳಿರುವ ಡಿಜಿಟಲ್ ಪಿಯಾನೋದಲ್ಲಿ ಕೀ ಬಹುಮಟ್ಟಿಗೆ ಮೇಲೆ ಬಂದ ಹೊರತು ಎರಡನೆಯ ಸ್ವರ ಹುಟ್ಟದು. ನಡುವೆ ಮೂರನೆಯ ಸೆನ್ಸರು ಇದ್ದರೆ ಈ ತೊಂದರೆ ಬಹಳ ಕಡಿಮೆ. 2019ರಲ್ಲಿ ಬಂದ ರೋಲ್ಯಾಂಡ್ ಎಫ್‌ಪಿ-10ರಂಥ ಆರಂಭದ ದರ್ಜೆಯ ಮಾದರಿಯಲ್ಲಿಯೇ ಅದುಂಟು. ಆದರೆ ಇಲ್ಲಿ ಒಂದು ಮಾತು ಮರೆಯಬಾರದು. ಗೋಡೆಗೆ ಒರಗಿಸಿಡುವ ಅಪ್‌ರೈಟ್ ಪಿಯಾನೋದಲ್ಲಿಯೂ ಎರಾರರ ರಚನೆ ಇಲ್ಲ. ಅದರಲ್ಲಿ ಕಲಿತು ಮುಂದೆ ಬಂದವರು ಅಸಂಖ್ಯ ಮಂದಿ.

ಮೂರನೆಯದು, ಸವೆತ. ಕೀಯ ಕೆಳಗಿನ ಮೆತ್ತೆ ದಿನಕ್ಕೊಂದು ಗಂಟೆಯಂತೆ ವರ್ಷಗಟ್ಟಲೆ ಬಡಿತ ತಿಂದು ತೆಳ್ಳಗಾಗುತ್ತದೆ. ಆಗ ಕೀಗಳು ಟಕಟಕ ಸದ್ದು ಮಾಡತೊಡಗುತ್ತವೆ. ಸೆನ್ಸರಿನ ರಬ್ಬರಿಗೆ ಧೂಳು ಸೇರಿದರೆ ಒಂದು ಸ್ವರ ಹೊರಡದೆ ಇರಬಹುದು, ಇಲ್ಲವೆ ಮೆಲ್ಲಗೆ ಒತ್ತಿದರೂ ಕಿರುಚಬಹುದು. ಇವು ದುರಸ್ತಿಯಾಗುವ ರೋಗಗಳೇ. ಮೆತ್ತೆಯನ್ನೂ ರಬ್ಬರನ್ನೂ ಬದಲಿಸಬಹುದು. ಆದರೆ ಬದಲಿಸಬಲ್ಲವರು ಹತ್ತಿರದ ಪಟ್ಟಣದಲ್ಲಿ ಇದ್ದಾರೆಯೇ ಎಂಬುದನ್ನು ಕೊಳ್ಳುವ ಮುಂಚೆಯೇ ವಿಚಾರಿಸತಕ್ಕದ್ದು.

ಎಷ್ಟು ವರ್ಷಕ್ಕೆ ಸಾಕು?

ಕೇರಳದಲ್ಲಿ ಚೆಂಡೆ ಕಲಿಯುವ ಹುಡುಗರಿಗೆ ಮೊದಲೇ ಚೆಂಡೆ ಕೊಡುವುದಿಲ್ಲ. ಕಲ್ಲಿನ ಮೇಲೆ ಹುಣಸೆಯ ಕೋಲಿನಿಂದ ಬಡಿಯುತ್ತ ತಿಂಗಳುಗಟ್ಟಲೆ ಸಾಧನೆ ಮಾಡಬೇಕು. ಕಲ್ಲಿನಲ್ಲಿ ನಾದವಿಲ್ಲ, ಆದರೂ ಕಲ್ಲು ಮಣಿಕಟ್ಟಿಗೆ ಸುಳ್ಳು ಹೇಳುವುದಿಲ್ಲ. ಕೋಲಿಗೆ ಅದು ಕೊಡುವ ಮರುಪೆಟ್ಟಿನಿಂದ ಕೈ ಬಲವನ್ನೂ ಸಮತೆಯನ್ನೂ ಕಲಿಯುತ್ತದೆ. ಅದೇ ಹುಡುಗನಿಗೆ ಕಲ್ಲಿನ ಬದಲು ಹತ್ತಿಯ ದಿಂಬನ್ನು ಕೊಟ್ಟರೆ ಕೈ ಕಲಿಯುವುದು ಬೇರೆಯೇ ಪಾಠ. ಅಗ್ಗದ ಡಿಜಿಟಲ್ ಪಿಯಾನೋ ಆ ಕಲ್ಲಿನಂತೆ. ಭಾರವಿಲ್ಲದ ಕೀಬೋರ್ಡು ಆ ದಿಂಬಿನಂತೆ.

ಪಾಶ್ಚಾತ್ಯ ಸಂಗೀತದ ಪರೀಕ್ಷೆಗಳು ಸಾಮಾನ್ಯವಾಗಿ ಎಂಟು ಶ್ರೇಣಿಗಳವು. ದಿನವೂ ಅಭ್ಯಾಸ ಮಾಡುವ ಮಗು ಐದನೆಯ ಶ್ರೇಣಿಯ ಸುಮಾರಿಗೆ ಬರುವವರೆಗೆ, ಅಂದರೆ ಮೊದಲ ನಾಲ್ಕೈದು ವರ್ಷಗಳ ಕಾಲ, 88 ಕೀಗಳ ಹ್ಯಾಮರ್ ಆಕ್ಷನ್ ಇರುವ ಅಗ್ಗದ ಡಿಜಿಟಲ್ ಪಿಯಾನೋ ಪ್ರಾಮಾಣಿಕವಾಗಿ ಸೇವೆ ಸಲ್ಲಿಸುತ್ತದೆ. ಆ ಬಳಿಕ ಬೇಗದ ಮರುಸ್ವರಗಳು, ಉಸಿರಿನಷ್ಟು ಮೆಲ್ಲಗಿನ ನುಡಿತ, ಅರ್ಧ ಒತ್ತಿದ ಪೆಡಲಿನ ಬಣ್ಣಗಳು ಪಾಠದಲ್ಲಿ ಬಂದಾಗ ವಾದ್ಯ ಹಿಂದೆ ಬೀಳುತ್ತದೆ. ಆಗ ಬೇರೆ ವಾದ್ಯ ಬೇಕು.

ಇದನ್ನು ನಷ್ಟವೆಂದು ಏಕೆ ತಿಳಿಯಬೇಕು? ಶಾಲೆಗೆ ಹೋಗುವ ಮಗುವಿಗೆ ಕೊಂಡ ಸೈಕಲ್ಲು ಕಾಲೇಜಿನ ದಿನಗಳವರೆಗೆ ಸಾಲಲಿಲ್ಲವೆಂದು ಯಾರೂ ಹಣ ದಂಡವಾಯಿತೆನ್ನುವುದಿಲ್ಲ. ಐದು ವರ್ಷಗಳ ಬಳಿಕ ಮಗು ವಾದ್ಯವನ್ನು ಮೀರಿ ಬೆಳೆದಿದ್ದರೆ ಅದು ಕೊಂಡ ಉದ್ದೇಶ ನೆರವೇರಿದ ಗುರುತು. ನಡುವೆ ಮಗುವಿನ ಮನಸ್ಸು ಬೇರೆಡೆಗೆ ತಿರುಗಿದರೂ ಹೋದದ್ದು ಲಕ್ಷಗಳಲ್ಲ. ಒಳ್ಳೆಯ ಸ್ಥಿತಿಯಲ್ಲಿಟ್ಟ ವಾದ್ಯವನ್ನು ಇನ್ನೊಂದು ಮನೆಯ ಮಗುವಿಗೆ ಮಾರಬಹುದು.

ಆದರೆ ಒಂದು ನಿಬಂಧನೆ ಉಂಟು. ವಾರಕ್ಕೊಮ್ಮೆಯಾದರೂ ಬೆರಳು ನಿಜ ಪಿಯಾನೋವನ್ನು ಮುಟ್ಟುತ್ತಿರಬೇಕು. ನಿಜ ತಂತಿಯ ನಾದ ಕೋಣೆಯಲ್ಲಿ ಹರಡುವ ಬಗೆ, ಡ್ಯಾಂಪರುಗಳು ಮೇಲೆದ್ದಾಗ ಉಳಿದ ತಂತಿಗಳೂ ಮಿಡಿಯುವ ಬಗೆ, ಇವು ಕಿವಿಗೆ ನೇರವಾಗಿ ಸಿಗಬೇಕಾದ ಪಾಠಗಳು. ಸಿದ್ಧಕಟ್ಟೆಯ ಮಗುವಿಗೆ ಶನಿವಾರದ ಬಸ್ಸಿನ ಪ್ರಯಾಣ ಈ ದೃಷ್ಟಿಯಿಂದ ದಂಡವಲ್ಲ. ಅದರ ಫಲ ಮನೆಯಲ್ಲಿ ಆರು ದಿನ ಉಳಿಯುವಂತೆ ಮಾಡುವ ವಾದ್ಯ ಬೇಕಾಗಿತ್ತು, ಅಷ್ಟೆ.

ಅಂಗಡಿಯಲ್ಲಿ ನೋಡಬೇಕಾದದ್ದು

ವಾದ್ಯದ ಅಂಗಡಿಗೆ ಹೋದಾಗ ನೂರಾರು ದನಿಗಳ ಪಟ್ಟಿಗೂ ಮಿನುಗುವ ದೀಪಗಳಿಗೂ ಮರುಳಾಗಬಾರದು. ಮೊದಲು ವಿದ್ಯುತ್ತನ್ನು ಆರಿಸಿ ಕೀಗಳನ್ನು ಒತ್ತಿ ನೋಡಬೇಕು. ಆಗ ಕಿವಿಗೆ ನಾದದ ಆಮಿಷವಿರುವುದಿಲ್ಲ. ಬೆರಳಿನ ತೀರ್ಪು ಮಾತ್ರ ಉಳಿಯುತ್ತದೆ. ಕೀಗಳು ಅತ್ತಿತ್ತ ಅಲುಗುತ್ತವೆಯೇ, ತಳಕ್ಕೆ ಬಡಿದಾಗ ಎಷ್ಟು ಸದ್ದು ಮಾಡುತ್ತವೆ, ಎಡ ಬಲಗಳ ಭಾರದಲ್ಲಿ ಅಂತರವಿದೆಯೇ, ಇವೆಲ್ಲ ತಿಳಿಯುತ್ತವೆ.

ಭಾರವನ್ನು ಅಳೆಯಲು ಜೇಬಿನಲ್ಲಿರುವ ಚಿಲ್ಲರೆಯೇ ಸಾಕು. 2011ರಲ್ಲಿ ಹೊರಬಂದ ಮಾದರಿಯ ಒಂದು ರೂಪಾಯಿ ನಾಣ್ಯದ ತೂಕ ಸುಮಾರು 3.8 ಗ್ರಾಂ, ಅಗಲ ಒಂದು ಬಿಳಿ ಕೀಯೊಳಗೆ ಹಿಡಿಸುವಷ್ಟು. ನಡುವಿನ ಒಂದು ಬಿಳಿ ಕೀಯ ಮುಂತುದಿಯಲ್ಲಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋಗಬೇಕು. ಹದಿಮೂರು ಹದಿನಾಲ್ಕು ನಾಣ್ಯಗಳಿಗೆ ಕೀ ಮೆಲ್ಲನೆ ಇಳಿದರೆ ಅದು ನಿಜ ಪಿಯಾನೋಕ್ಕೆ ಹತ್ತಿರದ ಭಾರ. ಐದಾರಕ್ಕೇ ಕುಸಿದರೆ ಅದು ಹೆಸರಿಗೆ ಮಾತ್ರ ಪಿಯಾನೋ. ಇಪ್ಪತ್ತು ಪೇರಿಸಿದರೂ ಜಗ್ಗದಿದ್ದರೆ ಎಳೆಯ ಕೈಗೆ ಅದು ಹೊರೆ. ಭಾರ ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ; ಮಿತಿಮೀರಿದ ಭಾರದಿಂದ ಮಣಿಕಟ್ಟು ಬಿಗಿಯುವ ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ.

ಬಳಿಕ ವಿದ್ಯುತ್ ಹಾಕಿ, ಒಂದೇ ಕೀಯನ್ನು ಎರಡು ಬೆರಳುಗಳಿಂದ ಸರದಿಯಂತೆ ಬೇಗ ಬೇಗ ನುಡಿಸಿ ಸ್ವರ ತಪ್ಪುತ್ತದೆಯೇ ಎಂದು ನೋಡಬೇಕು. ಆಮೇಲೆ ಸಾಧ್ಯವಾದಷ್ಟು ಮೆಲ್ಲಗೆ ಐದು ಸ್ವರಗಳನ್ನು ಸಮನಾಗಿ ನುಡಿಸಿ ನೋಡಬೇಕು. ಈ ಕೊನೆಯ ಪರೀಕ್ಷೆಯನ್ನು ಮಗುವಿನ ಕೈಯಿಂದಲೇ ಮಾಡಿಸುವುದು ಲೇಸು.

ಮನೆಗೆ ತಂದ ಮೇಲೆ

ವಾದ್ಯ ಒಳ್ಳೆಯದಾದರೂ ಇಡುವ ಕ್ರಮ ತಪ್ಪಿದರೆ ಫಲವಿಲ್ಲ. ಅನೇಕರು ಅದನ್ನು ಊಟದ ಮೇಜಿನ ಮೇಲೆ ಇಡುತ್ತಾರೆ. ಮೇಜಿನ ಎತ್ತರವೇ ಸುಮಾರು 75 ಸೆಂಟಿಮೀಟರ್. ಅದರ ಮೇಲೆ ವಾದ್ಯದ ಎತ್ತರ ಸೇರಿದರೆ ಮಗುವಿನ ಭುಜ ಕಿವಿಯ ಹತ್ತಿರ ಏರುತ್ತದೆ. ಕೀಗಳ ಮೇಲ್ಮೈ ನೆಲದಿಂದ 72-73 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಆಸನವನ್ನು ಏರಿಸಿ, ಮಗುವಿನ ಕಾಲು ನೆಲ ಮುಟ್ಟದಿದ್ದರೆ ಒಂದು ಮಣೆಯನ್ನಿಡಬೇಕು. ಅಲುಗಾಡುವ ನಿಲುಗಾಲು ಬೇಡ.

ಸದ್ದಿನ ತಿರುಪನ್ನು ತೀರ ತಗ್ಗಿಸಿಟ್ಟರೆ ಮಗು ಕೇಳಿಸುವುದಕ್ಕಾಗಿ ಕೀಗಳನ್ನು ಬಡಿಯಲು ಕಲಿಯುತ್ತದೆ. ತೀರ ಹೆಚ್ಚಿಸಿದರೆ ಹೆದರಿ ಸವರಲು ಕಲಿಯುತ್ತದೆ. ನಿಜ ಪಿಯಾನೋದ ಸದ್ದಿಗೆ ಹತ್ತಿರದ ಒಂದು ಮಟ್ಟವನ್ನು ಗೊತ್ತುಮಾಡಿ ಅದನ್ನು ಬದಲಿಸದಿರುವುದು ಮೇಲು. ರಾತ್ರಿ ಮನೆಯವರಿಗೆ ತೊಂದರೆಯಾಗದಂತೆ ಹೆಡ್‌ಫೋನ್ ಹಾಕಿಕೊಳ್ಳಬಹುದೆಂಬುದು ಈ ವಾದ್ಯದ ದೊಡ್ಡ ಅನುಕೂಲ. ನಿಜ ಪಿಯಾನೋ ಮೌನವಾಗಿರಬೇಕಾದ ಎಷ್ಟೋ ಗಂಟೆಗಳು ಇದರಿಂದ ಅಭ್ಯಾಸಕ್ಕೆ ದಕ್ಕುತ್ತವೆ.

ಕರಾವಳಿಯವರು ಇನ್ನೆರಡು ಮಾತು ನೆನಪಿಡಬೇಕು. ಚೈತ್ರ ವೈಶಾಖಗಳ ಸಂಜೆ ಗುಡುಗು ಕೇಳಿದೊಡನೆ ವಾದ್ಯದ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು. ಗುಂಡಿ ಆರಿಸಿದರೆ ಸಾಲದು. ಮಳೆಗಾಲದಲ್ಲಿ ಕಿಟಕಿಯ ಬದಿಯಲ್ಲಿಡದೆ, ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಧೂಳೂ ಇರುವೆಯೂ ಹೋಗದಂತೆ ಹೊದಿಕೆ ಹಾಕಬೇಕು.

ಮುಂದಿನ ರಜೆಗೆ ಬಂದ ಸಿದ್ಧಕಟ್ಟೆಯ ತಂದೆ ಮಂಗಳೂರಿನ ಅಂಗಡಿಯಲ್ಲಿ ನಾಣ್ಯ ಪೇರಿಸಿ ನೋಡಿ, ಮೂರು ಸೆನ್ಸರುಗಳ ಒಂದು ಸಾದಾ ಮಾದರಿಯನ್ನು ಕೊಂಡರೆಂದು ಇಟ್ಟುಕೊಳ್ಳಬಹುದು. ಮೊದಲ ವಾರ ಮಗುವಿನ ಬೆರಳು ನೋಯುತ್ತದೆ. ಮನೆಯಲ್ಲಿ ಬರುತ್ತಿದ್ದ ಹಾಡೂ ತೊದಲುತ್ತದೆ. ತಾಯಿಗೆ ಮತ್ತೆ ಸಂಶಯ ಹುಟ್ಟುವ ಹೊತ್ತು ಅದೇ. ಅವಸರಪಡಬಾರದು. ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ ಶಿಕ್ಷಕಿಯ ಪಿಯಾನೋದಲ್ಲಿ ಮೆಲುದನಿಯ ಆ ಸಾಲು ತುಂಡಾಗದೆ ಹೊರಡುತ್ತದೆ. ಅಂದು ಬಸ್ಸಿನಲ್ಲಿ ಮಗು ಅಮ್ಮನ ಮಡಿಲಿನ ಮೇಲೆ ಬೆರಳಾಡಿಸುತ್ತ ಅದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತ ಬಂದೀತು.

ಮಗುವಿಗೆ ಕಲೆ ಒಲಿದಿದೆಯೋ ಇಲ್ಲವೋ ಎಂಬುದು ಆ ಮೇಲೆ ಕೇಳಬೇಕಾದ ಪ್ರಶ್ನೆ. ಅದಕ್ಕೆ ಮೊದಲು ಕಾಲಡಿಯ ನೆಲವನ್ನು ಸಮಮಾಡಿಕೊಡುವುದು ಹಿರಿಯರ ಕೆಲಸ.